ಇಪ್ಪತ್ನಾಲ್ಕನೆಯ ಫೋಟೊ

ಮನೆಯ ಅಡಿಯಿಂದ ತೆವಳಿಕೊಂಡು ಹೊರಬಂದ ಮುದುಕನ ಟೋಪಿಗೆ ಜೇಡರಬಲೆ ಮೆತ್ತಿತ್ತು. "ನನ್ನ ಗುರುತು ಸಿಕ್ತು. ನಿಮ್ಮ ಒಲೆಗೂ ಮೇಜಿಗೂ ಸರಿಯಾಗಿ ನಡುವೆ ಇದೆ," ಎಂದ. ಬಾಗಿಲಲ್ಲಿ ನಿಂತಿದ್ದ ಮನೆಯೊಡತಿ ಹಿಲ್ಯಾ ಕೈಯಲ್ಲಿದ್ದ ಸೌಟನ್ನು ಕೆಳಗಿಡಲಿಲ್ಲ.

ಪೀಬಡಿ ಎಂಬ ಈ ಫೋಟೊಗ್ರಾಫರನನ್ನು ಸರೋವರದ ದಡದ ಡುಲೂತ್ ಊರಲ್ಲಿ ಅರಿಯದವರಿಲ್ಲ. 1884ರಿಂದ ಪ್ರತಿವರ್ಷ ಜೂನ್ ಎಂಟರಂದು ಈ ಗುಡ್ಡ ಹತ್ತುತ್ತಿದ್ದ. ಬಂಡೆಯ ಮೇಲೆ ತಾನೇ ಉಳಿಯಲ್ಲಿ ಕೊರೆದ ಗುರುತಿನ ಮೇಲೆ ಕ್ಯಾಮೆರಾದ ಮುಕ್ಕಾಲಿ ನಿಲ್ಲಿಸಿ, ಕೆಳಗಿನ ಊರು ಮತ್ತು ಬಂದರಿನ ಒಂದೇ ಒಂದು ಚಿತ್ರವನ್ನು ಸಂಜೆ ನಾಲ್ಕಕ್ಕೆ ಸರಿಯಾಗಿ ತೆಗೆದು ಇಳಿದುಹೋಗುತ್ತಿದ್ದ. ಇಪ್ಪತ್ಮೂರು ವರ್ಷ, ಒಂದೂ ತಪ್ಪಿಲ್ಲ. ಇಪ್ಪತ್ನಾಲ್ಕನೆಯದಕ್ಕೆ ಬಂದು ನೋಡಿದರೆ ಬಂಡೆಯ ಮೇಲೆ ಮನೆ ಎದ್ದಿದೆ. ಸಾಲದ್ದಕ್ಕೆ, ಸರೋವರದ ಕಡೆಯ ಗೋಡೆಗೆ ಕಿಟಕಿಯೇ ಇಲ್ಲ.

ಕಿಟಕಿ ಬೇಡವೆಂದವಳು ಹಿಲ್ಯಾಳೇ. ಬಾಡಿಗೆ ಮನೆಯಲ್ಲಿ ಒಂದು ಚಳಿಗಾಲವಿಡೀ ಆ ಸರೋವರದ ಗಾಳಿ ತಿಂದಿದ್ದಳು. ಬೆಳಗ್ಗೆ ಎದ್ದರೆ ಹಾಲು ಪಾತ್ರೆಯಲ್ಲೇ ಕಲ್ಲಾಗಿರುತ್ತಿತ್ತು. ಸ್ವಂತ ಮನೆ ಕಟ್ಟುವಾಗ ಆ ಕಡೆ ಸೂಜಿ ತೂರುವಷ್ಟು ಸಂದೂ ಇರಬಾರದೆಂದು ಗಂಡನಿಗೆ ತಾಕೀತು ಮಾಡಿದ್ದಳು. ಈಗ ಮುದುಕನಿಗೂ ಅದನ್ನೇ ಹೇಳಿ, ಹತ್ತು ಹೆಜ್ಜೆ ಮುಂದೆ ಅಂಗಳದಲ್ಲಿ ನಿಂತು ತೆಗೆದುಕೊಂಡು ಹೋಗಬಾರದೇ ಎಂದು ಕೇಳಿದಳು. ಹತ್ತು ಹೆಜ್ಜೆ ಮುಂದೆ ಹೋದರೆ ಅದು ಬೇರೆಯೇ ಚಿತ್ರ, ಹಳೆಯವುಗಳ ಜೊತೆ ಕೂರುವುದಿಲ್ಲ ಎಂದ ಪೀಬಡಿ, ಅಪ್ಪಣೆ ಕೇಳದೆ ಒಳಬಂದು, ರೈ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ, ಚೀಲದಲ್ಲಿದ್ದ ಚಿತ್ರಗಳನ್ನು ಮೇಜಿನ ಮೇಲೆ ಆರಾರರಂತೆ ಸಾಲಾಗಿ ಹರಡಿದ.

ನೋಡಬಾರದೆಂದುಕೊಂಡೇ ಹಿಲ್ಯಾ ನೋಡಿದಳು. ಮೊದಲನೆಯದರಲ್ಲಿ ಬರೀ ಮರದ ಬೊಡ್ಡೆಗಳು, ಕೆಸರು, ದಡದಲ್ಲಿ ನಾಲ್ಕು ಹಾಯಿಹಡಗು. ಮೂರನೆಯದರಲ್ಲಿ ರೈಲು ಹಳಿ. ಎಂಟನೆಯದರಲ್ಲಿ ಚಿಮಣಿಗಳು, ಹೊಗೆ, ಬೆಟ್ಟಕ್ಕೇ ಹೊಲಿಗೆ ಹಾಕಿದಂತೆ ಬೀದಿಗಳು. ಹನ್ನೊಂದನೆಯದರಲ್ಲಿ ಹಡಗಿಗೆ ಅದಿರು ತುಂಬುವ ಕಟ್ಟೆ ನೀರಿನೊಳಕ್ಕೆ ಅರ್ಧ ಚಾಚಿ ನಿಂತಿತ್ತು, ಹನ್ನೆರಡನೆಯದರಲ್ಲಿ ಪೂರ್ತಿಯಾಗಿತ್ತು. ಅವಳು ಸೌಟು ಹಿಡಿದೇ ಹಿಂದಕ್ಕೂ ಮುಂದಕ್ಕೂ ಕಣ್ಣಾಡಿಸಿದಳು. ಬೆಟ್ಟ ಒಂದೆಳೆಯೂ ಅಲುಗಿರಲಿಲ್ಲ; ಊರು ಮಾತ್ರ ಹೆಜ್ಜೆ ಹೆಜ್ಜೆಗೂ ಮೇಲೇರಿ ಬರುತ್ತಿತ್ತು. ಮುದುಕನ ಕೈಗೆ ಅವಳು ಮನಸ್ಸಿನಲ್ಲೇ ಶರಣೆಂದಳು. ಕೊನೆಯ ಸಾಲಿನ ತುದಿಯಲ್ಲಿ ಒಂದು ಚಿತ್ರದಷ್ಟು ಜಾಗ ಖಾಲಿ ಇತ್ತು.

ಅದರ ಹಿಂದಿನದನ್ನು, ಹೋದ ವರ್ಷದ್ದನ್ನು, ಅವಳು ಎತ್ತಿಕೊಂಡಳು. ಕೆಳಗಿನ ಮೂಲೆಯಲ್ಲಿ ಹಲಗೆಗಳ ರಾಶಿ, ಅದರ ಮೇಲೊಂದು ಮಸಿ ಹಿಡಿದ ಕೆಟಲ್.

"ಇದು ನಮ್ಮ ಕೆಟಲ್ಲು."

"ಅದೇ ಹೋದ ವರ್ಷದ್ದನ್ನ ಕೆಡಿಸಿದ್ದು. ಯಾರೋ ದಡ್ಡರು ಅಡ್ಡ ರಾಶಿ ಹಾಕಿ ಹೋಗಿದ್ರು," ಎಂದ ಪೀಬಡಿ.

"ಆ ದಡ್ಡರ ಮನೇಲೇ ನಿಂತಿದೀರಿ," ಎಂದಳು ಹಿಲ್ಯಾ. "ಊರು ಬೆಳೆಯೋದನ್ನ ನೋಡ್ಬೇಕು ಅಂತ ಇಷ್ಟು ವರ್ಷ ಕಾದ್ರಿ. ಅದು ಬೆಳೀತಾ ಬೆಳೀತಾ ನಿಮ್ಮ ಕಾಲಬುಡಕ್ಕೇ ಬಂದ್ರೆ ಕೆಟ್ಟೋಯ್ತು ಅಂತೀರಲ್ಲ, ಯಜಮಾನ್ರೇ?"

ಮುದುಕ ಮೊದಲ ಸಾಲಿನಿಂದ ಚಿತ್ರಗಳನ್ನು ಒಂದೊಂದಾಗಿ ಆಯ್ದುಕೊಳ್ಳತೊಡಗಿದ. ಅಷ್ಟರಲ್ಲಿ ಹಿಲ್ಯಾಳ ಗಂಡ ಯಾಲ್ಮರಿ ಶನಿವಾರದ ಕೆಲಸ ಮುಗಿಸಿ, ಉಗಿಸ್ನಾನದ ಆಸೆಯಲ್ಲಿ ಸೌದೆ ಹೊತ್ತುಕೊಂಡೇ ಒಳಬಂದ. ಅದಿರು ಕಟ್ಟೆಯ ಬಡಗಿ ಅವನು. ಮೇಜಿನ ಮೇಲೆ ಆ ಕಟ್ಟೆಯನ್ನು ಕಂಡವನೇ ಸೌದೆ ಇಳಿಸಿ, ಅದರ ಮೇಲೆ ಹೆಬ್ಬೆರಳಿಟ್ಟ. ಕಟ್ಟೆ ಪೂರ್ತಿ ಮುಚ್ಚಿಹೋಯಿತು. ಅವನು ನಕ್ಕ. ಆಮೇಲೆ ಸಾಲಿನ ತುದಿ ನೋಡಿ, ಈ ವರ್ಷದ್ದೆಲ್ಲಿ ಎಂದು ಕೇಳಿದ.

"ನಿನ್ನ ಗೋಡೆ ಹಿಂದಿದೆ," ಎಂದಳು ಹಿಲ್ಯಾ. ಗೋಡೆ ಅವನದು, ಗಾಳಿಯ ಹೆದರಿಕೆ ಅವಳದು. ಅವನು ಅವಳ ಮುಖ ನೋಡಿದ. ಅವಳು ಖಾಲಿ ಜಾಗವನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದಳು. ಮೂರಕ್ಕೆ ಐದು ನಿಮಿಷ. "ಗರಗಸ ತಗೊ. ಅವರಿಗೆ ಬೇಕಾದಷ್ಟೇ ಕೊಯ್ಯಿ. ಆಮೇಲೆ ಅದಕ್ಕೆ ಬಿಗಿಯಾಗಿ ಕೂರೋ ಕಿಟಕಿ ಬಾಗಿಲೊಂದು ಮಾಡು. ಚಳಿಗಾಲದಲ್ಲಿ ಗಾಳಿ ನುಗ್ಗಿದ್ರೆ ಆ ಕಡೆ ಮಲಗೋನು ನೀನೇ."

ಒಲೆಗೂ ಮೇಜಿಗೂ ನಡುವೆ ಮುದುಕ ನಿಲ್ಲಿಸಿದ ಕ್ಯಾಮೆರಾದ ಎತ್ತರವನ್ನು ಯಾಲ್ಮರಿ ಅಳೆದು, ಗೋಡೆಗೆ ಇದ್ದಿಲಲ್ಲಿ ಗೆರೆ ಎಳೆದು, ಕೊಯ್ಯಲು ನಿಂತ. ತಾನು ಹೋದ ಶರತ್ಕಾಲದಲ್ಲಿ ಹೊಡೆದ ಮೊಳೆಗಳನ್ನು ಬೈದುಕೊಂಡ. ನಡುವೆ ಹಿಲ್ಯಾ ಕೊಟ್ಟ ಕಾಫಿಯನ್ನು ಅರ್ಧ ಕುಡಿದು ಮತ್ತೆ ಗರಗಸ ಹಿಡಿದ. ಕೊನೆಯ ಹಲಗೆ ಕಳಚಿದಾಗ ಸರೋವರದ ಬೆಳಕು ಒಲೆಯವರೆಗೂ ಬಂದು ಬಿತ್ತು. ನಾಲ್ಕಕ್ಕೆ ಎರಡು ನಿಮಿಷವಿತ್ತು.

ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ ಪೀಬಡಿ ಅಲ್ಲಾಡದೆ ನಿಂತುಬಿಟ್ಟ. ಏನೋ ಕೆಟ್ಟಿದೆ ಎಂದು ಹಿಲ್ಯಾಳಿಗೆ ಗೊತ್ತಾಯಿತು. ನೋಡಿದರೆ, ಯಾಲ್ಮರಿ ತನ್ನ ಕಾಫಿ ಬಟ್ಟಲನ್ನು ಕೊಯ್ದ ಗೋಡೆಯ ಅಂಚಿನ ಮೇಲೇ ಮರೆತಿದ್ದ. ಗಂಡನ ಮೇಲೆ ಗೊಣಗುತ್ತ ಅವಳು ಕೈ ಚಾಚಿದಳು.

"ಇರ್ಲಿ ತಾಯೀ, ಮುಟ್ಬೇಡಿ," ಎಂದ ಮುದುಕ ಬಟ್ಟೆಯೊಳಗಿಂದಲೇ. ಆಮೇಲೆ ತಲೆ ಹೊರಗೆ ತೆಗೆದು, ಬಟ್ಟೆಯ ಅಂಚನ್ನು ಅವಳಿಗಾಗಿ ಎತ್ತಿ ಹಿಡಿದ. "ಬೇಗ ನೋಡಿ. ಒಂದೇ ನಿಮಿಷ ಇರೋದು."

ಅವಳು ಬಗ್ಗಿ ನೋಡಿದಳು. ಕತ್ತಲೆಯಲ್ಲಿ, ಕ್ಯಾಮೆರಾದ ಹಿಂಬದಿಯ ಮಸುಕು ಗಾಜಿನ ಮೇಲೆ, ಡುಲೂತ್ ತಲೆಕೆಳಗಾಗಿ ನಿಂತಿತ್ತು. ಚಿಮಣಿಗಳ ಹೊಗೆ ಕೆಳಕ್ಕೆ ಹರಿಯುತ್ತಿತ್ತು, ಸರೋವರ ಆಕಾಶವನ್ನು ಹೊತ್ತುಕೊಳ್ಳುವ ಬದಲು ಅದರ ಮೇಲೆ ಕೂತಿತ್ತು. ಎಲ್ಲಕ್ಕಿಂತ ಮೇಲೆ, ಅದಿರಿನ ಹಡಗುಗಳಿಗಿಂತ ದೊಡ್ಡದಾಗಿ, ಅವಳ ಬಟ್ಟಲು ಬೋರಲಾಗಿ ತೂಗುತ್ತಿತ್ತು. ಒಂದು ಹನಿ ಕಾಫಿಯೂ ಚೆಲ್ಲಿರಲಿಲ್ಲ.