ಗುಂಡಿ ಒತ್ತಿದವಳು

"ಒತ್ತಿದ್ದು ನೀವೇನಾ?"

ಗಾರ್ಡಿನ ಹೆಂಡತಿ ಕೂರಲಿಲ್ಲ. ಇನ್ಸ್‌ಪೆಕ್ಟರ್ ತೋರಿಸಿದ ಕುರ್ಚಿಯ ಬೆನ್ನು ಹಿಡಿದು ನಿಂತೇ ಕೇಳಿದಳು. ಅವಳ ಮೈದುನ ಬಾಗಿಲಿಗೆ ಒರಗಿ ನಿಂತಿದ್ದ.

ಮೇಜಿನ ಈಚೆ ಕೂತಿದ್ದ ಬ್ಯಾಂಕಿನ ಕ್ಯಾಷಿಯರ್ ತಲೆ ಎತ್ತಿದಳು. "ಹೌದಮ್ಮ. ನಾನೇ."

ಹೇಳಿದ ಮೇಲೂ ಅವಳಿಗೆ ಏನೂ ಅನ್ನಿಸಲಿಲ್ಲ. ಐದು ದಿನದಿಂದ ಹೀಗೇ. ಮೈಯೆಲ್ಲ ಜೋಮು ಹಿಡಿದ ಹಾಗೆ.

ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಇನ್ನೂ ಎರಡು ನಿಮಿಷ ಇತ್ತು. ಮೂವರು ಹೆಲ್ಮೆಟ್ ತೆಗೆಯದೆ ಒಳಗೆ ಬಂದರು. ಗಾರ್ಡ್ ತಡೆಯಲು ಎರಡು ಹೆಜ್ಜೆ ಇಡುವಷ್ಟರಲ್ಲಿ ಅವನ ಬಂದೂಕು ಅವರ ಕೈ ಸೇರಿತ್ತು. ಎದ್ದು ನಿಂತ ಮ್ಯಾನೇಜರ್ ಮುಖಕ್ಕೆ ಕಬ್ಬಿಣದ ಸರಳಿನ ಏಟು ಬಿತ್ತು. ಕನ್ನಡಕದ ಚೂರು ಹುಬ್ಬಿಗೆ ನಾಟಿತು. "ಎಲ್ಲರೂ ಮಲಗಿ" ಎಂದರು. ಪಾಸ್‌ಬುಕ್ ಹಿಡಿದು ನಿಂತಿದ್ದ ಮುದುಕನಿಗೆ ಮಲಗಲು ಆಗಲಿಲ್ಲ. "ಸೊಂಟ ಬಗ್ಗಲ್ಲಪ್ಪಾ" ಎಂದ. ಅವನನ್ನು ಒದ್ದು ಮಲಗಿಸಿದರು.

ಎತ್ತರದವನು ಗಾರ್ಡನ್ನು ಮಂಡಿಯೂರಿಸಿ ತಲೆಗೆ ಪಿಸ್ತೂಲು ಇಟ್ಟ. "ಪೊಲೀಸ್ ಬಂದ್ರೆ ಮೊದಲು ಇವನು" ಎಂದ. ಕೂಗಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಕೇಳುವವನ ಹಾಗೆ ಹೇಳಿದ.

ಕೌಂಟರಿನ ಕೆಳಗೆ, ಅವಳ ಬಲ ಮೊಣಕಾಲಿಗೆ ತಾಗುವಷ್ಟು ಹತ್ತಿರ, ಅಲಾರಂ ಗುಂಡಿ ಇತ್ತು. ಅವಳ ಕೈ ತೊಡೆಯ ಮೇಲಿತ್ತು. ಗಾರ್ಡ್ ಅವಳನ್ನೇ ನೋಡುತ್ತಿದ್ದ. ಹನ್ನೆರಡು ವರ್ಷದಿಂದ ದಿನಾ ಅವಳ ಸ್ಕೂಟರಿಗೆ ನೆರಳಿನಲ್ಲಿ ಜಾಗ ಹಿಡಿದಿಡುತ್ತಿದ್ದವನು. "ಅಕ್ಕಾ, ನಿಮ್ಮ ಗಾಡಿ ನನ್ನ ಜವಾಬ್ದಾರಿ" ಎನ್ನುತ್ತಿದ್ದವನು.

ಸ್ವಲ್ಪ ಹೊತ್ತಿನಲ್ಲಿ ಬೀದಿಯ ತುದಿಯಲ್ಲಿ ಸೈರನ್ ಕೇಳಿಸಿತು. ಎತ್ತರದವನು ಹೇಳಿದ ಹಾಗೇ ಮಾಡಿದ.

ಆಮೇಲಿನದು ಹಿಂದಿನ ಓಣಿಯಲ್ಲಿ ನಡೆಯಿತು. ಅಡ್ಡ ನಿಂತ ಜೀಪು, ಎಣಿಸಲಾಗದಷ್ಟು ಗುಂಡಿನ ಸದ್ದು. ಎತ್ತರದವನು ಚರಂಡಿಯ ಪಕ್ಕ ಬಿದ್ದ, ಮತ್ತೆ ಏಳಲಿಲ್ಲ. ಉಳಿದಿಬ್ಬರು ಕೈ ಎತ್ತಿದರು. ಕಾಲು ಗಂಟೆಯೊಳಗೆ ಎಲ್ಲಾ ಮುಗಿದಿತ್ತು. ಪೊಲೀಸರು ಎಷ್ಟು ಬೇಗ ಬಂದರು ಎಂದು ಊರೆಲ್ಲ ಹೊಗಳಿತು.

ಕ್ಯಾಷಿಯರ್ ಆ ಸಂಜೆಯೇ ಹೇಳಿಕೆ ಕೊಟ್ಟು, ನಾಲ್ಕು ಹಾಳೆಗೆ ಸಹಿ ಹಾಕಿ, ಮನೆಗೆ ಹೋಗಿ ಊಟದ ಡಬ್ಬಿ ತೊಳೆದಿಟ್ಟಳು. ಒಣಗಿದ ಬಟ್ಟೆ ಮಡಚಿದಳು. ಗಂಡ ಏನೋ ಕೇಳಿದ, ಏನೋ ಹೇಳಿದಳು. ಅಳು ಬರಲಿಲ್ಲ.

ಸಾವಿನ ಮನೆಯಲ್ಲಿ ಮಾತು ಬೇರೆ ಹಾದಿ ಹಿಡಿದಿತ್ತು. ಪೊಲೀಸರು ಬಾರದೇ ಇದ್ದಿದ್ದರೆ ಆತ ಬದುಕುತ್ತಿದ್ದ. ಹಾಗಾದರೆ ಅವರನ್ನು ಕರೆಸಿದ್ದು ಯಾರು? ಗಾರ್ಡಿನ ಹೆಂಡತಿ ಮೂರು ದಿನ ಸ್ಟೇಷನ್ನಿಗೆ ಅಲೆದು ಇದೊಂದನ್ನೇ ಕೇಳಿದಳು. ಕೊನೆಗೆ ಇನ್ಸ್‌ಪೆಕ್ಟರ್ ಈ ದಿನ ಗೊತ್ತು ಮಾಡಿದರು. ಕ್ಯಾಷಿಯರನ್ನು ಅರ್ಧ ಗಂಟೆ ಮೊದಲೇ ಕರೆಸಿ, ಬಾಗಿಲು ಹಾಕಿ, ಕಡತ ಬಿಚ್ಚಿ ತೋರಿಸಿದ್ದರು. "ಆಕೆಗೆ ಏನು ಹೇಳಬೇಕೋ ನನಗೂ ತೋಚ್ತಿಲ್ಲ. ನೀವು ಎದುರಿಗೆ ಬರಲೇಬೇಕು ಅಂತ ಬಲವಂತ ಇಲ್ಲ" ಎಂದಿದ್ದರು.

"ಇರ್ತೀನಿ" ಎಂದಿದ್ದಳು.

"ಎಷ್ಟು ಹೊತ್ತಿಗೆ ಒತ್ತಿದ್ರಿ?" ಗಾರ್ಡಿನ ಹೆಂಡತಿ ಕೇಳಿದಳು.

"ಅವರು ಒಳಗೆ ಬಂದ ತಕ್ಷಣ. ಮೊದಲನೇ ನಿಮಿಷದಲ್ಲೇ."

"ಸರಿಯಾಗಿ ನೆನಪಿದೆಯಾ?"

"ಇದೆ."

ಮೈದುನ ತಡೆಯಲಾರದೆ ಮುಂದೆ ಬಂದ. "ದುಡ್ಡು ತಗೊಂಡು ಹೋಗ್ತಿದ್ರು. ಹೋಗ್ಲಿ ಅಂತ ಬಿಡೋಕೆ ಏನಾಗಿತ್ತು? ಬ್ಯಾಂಕಿನ ದುಡ್ಡು ನಮ್ಮಣ್ಣನ ಜೀವಕ್ಕಿಂತ ಹೆಚ್ಚಾಯ್ತಾ ನಿಮಗೆ?"

ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ಮುಖ ತಿರುಗಿಸಿದರು.

"ಅವತ್ತು ನಮ್ಮನೆಯವರು ಫೋನಲ್ಲಿ ನನ್ನ ಜೊತೆನೇ ಮಾತಾಡ್ತಾ ಇದ್ರು" ಎಂದಳು ಗಾರ್ಡಿನ ಹೆಂಡತಿ, ಯಾರಿಗೂ ಅಲ್ಲದ ಹಾಗೆ. "ಫೋನ್ ಕಟ್ ಆಗ್ಲೇ ಇಲ್ಲ. ಕಿರುಚಾಟ ಎಲ್ಲಾ ಕೇಳಿಸ್ತು. ನಂಗೆ ಕೈಕಾಲೇ ಆಡ್ಲಿಲ್ಲ. ಆಚೆ ಓಡಿದೆ..." ಮಾತು ಅಲ್ಲೇ ನಿಂತಿತು. "ಖಂಡಿತ ನೀವೇ ತಾನೆ? ನಿಮ್ಮಿಂದಲೇ ತಾನೆ ಪೊಲೀಸರು ಬಂದಿದ್ದು?"

"ನನ್ನಿಂದಲೇ."

ಗಾರ್ಡಿನ ಹೆಂಡತಿ ಮೇಜು ಸುತ್ತಿ ಬಂದು ಕೆನ್ನೆಗೆ ಬಾರಿಸಿದಳು. ಮತ್ತೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅವಳು ಅಲ್ಲೇ ನೆಲಕ್ಕೆ ಕುಸಿದು, ಎದೆ ಬಡಿದುಕೊಂಡು, ಗಂಡನನ್ನು ಕೂಗಿ ಕೂಗಿ ಅತ್ತಳು. ಮೈದುನ ಗಾಬರಿಯಾದ. "ಅತ್ತಿಗೆ ಐದು ದಿನದಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ ಸಾರ್" ಎಂದ.

ಎಬ್ಬಿಸಿ ಕರೆದುಕೊಂಡು ಹೋಗುವಾಗ ಅವಳು ಹೊಸ್ತಿಲಲ್ಲಿ ತಿರುಗಿ ನೋಡಿದಳು. "ಇನ್ನು ನಿಮ್ಮ ಮುಖ ನನಗೆ ತೋರಿಸಬೇಡಿ."

"ಇಲ್ಲ" ಎಂದಳು ಕ್ಯಾಷಿಯರ್.

ಹೆಜ್ಜೆ ಸದ್ದು ದೂರವಾಯಿತು. ಇನ್ಸ್‌ಪೆಕ್ಟರ್ ನೀರಿನ ಲೋಟ ಅವಳ ಮುಂದೆ ತಳ್ಳಿದರು.

"ಕಾಗದದಲ್ಲಿ ಇರೋದನ್ನ ನಾನು ಬದಲಾಯಿಸೋಕೆ ಆಗಲ್ಲಮ್ಮ."

"ಬೇಡ ಸಾರ್. ಅವರಿಗೆ ತೋರಿಸಬೇಡಿ, ಅಷ್ಟೇ."

ಕಡತ ಮೇಜಿನ ಮೇಲೆ ಬಿಚ್ಚಿಕೊಂಡೇ ಇತ್ತು: ಒಂದು ಹಾಳೆಯಲ್ಲಿ, ಅವಳದೇ ಸಹಿಯ ಮೇಲೆ, 'ಹೆದರಿಕೆಯಿಂದ ಕೈ ಏಳಲಿಲ್ಲ, ಗುಂಡಿ ಒತ್ತಲಿಲ್ಲ', ಅದರ ಪಕ್ಕದ ಹಾಳೆಯಲ್ಲಿ, ಅವತ್ತು ಪೊಲೀಸರಿಗೆ ಬಂದ ಒಂದೇ ಒಂದು ಕರೆ, ಹನ್ನೊಂದು ಗಂಟೆ ಒಂದು ನಿಮಿಷಕ್ಕೆ, ಪಕ್ಕದ ಮನೆಯ ಫೋನಿನಿಂದ, ಗಾರ್ಡಿನ ಹೆಂಡತಿ ಮಾಡಿದ್ದು.