ಮನೆಗೆಂದು ಬಿಟ್ಟ ಸಾಲು

ಇನ್ನಾಸಪ್ಪ ತನ್ನ ದ್ರಾಕ್ಷಿ ತೋಟದಲ್ಲಿ ಬಾವಿ ಪಕ್ಕದ ಒಂದೇ ಒಂದು ಸಾಲಿಗೆ ಔಷಧಿ ಹೊಡೆಯುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಮನೆಯ ವೈನು ಆ ಸಾಲಿನ ಹಣ್ಣಿನದೇ ಆಗಬೇಕು. ಉಳಿದ ಗೊಂಚಲುಗಳನ್ನು ಔಷಧಿಯ ಬಿಳಿ ಪುಡಿ ಮೆತ್ತಿಕೊಂಡಿರುವಾಗಲೇ ಕೊಯ್ದು ಮಾರಿಬಿಡುತ್ತಿದ್ದ.

"ಪಾಪ ಬರುತ್ತೆ ಕಣ್ರೀ," ಎಂದು ಹೆಂಡತಿ ಗೊಣಗಿದರೆ, "ತಿನ್ನೋರು ತೊಳ್ಕೊಂಡು ತಿಂತಾರೆ, ಸುಮ್ನಿರೇ," ಎನ್ನುತ್ತಿದ್ದ.

ಹಬ್ಬದ ದಿನ ಅವನು ಚರ್ಚಿನಿಂದ ಬಂದಾಗ ಬಾಣಂತಿ ಮಗಳು ವಾಂತಿ ಮಾಡಿ ಮಾಡಿ ಸೋತು ಮಲಗಿದ್ದಳು. ಅವಳ ಹಾಲು ಕುಡಿದ ಕೂಸು ಕಣ್ಣೇ ಬಿಡುತ್ತಿರಲಿಲ್ಲ. ಎದುರುಮನೆಯ ಲೂರ್ದಮ್ಮ ಅದರ ಅಂಗಾಲು ಉಜ್ಜುತ್ತಿದ್ದಳು.

"ಏನು ಕೊಟ್ಟೆ ಇವಳಿಗೆ?" ಎಂದು ಹೆಂಡತಿಯ ಮೇಲೆ ಹರಿಹಾಯ್ದ.

"ಮೈಯಲ್ಲಿ ರಕ್ತ ಊರಲಿ ಅಂತ ದಿನಾ ಒಂದು ಲೋಟ ವೈನು, ಅಷ್ಟೇ."

"ನಮ್ಮ ಸಾಲಿಂದು ತಾನೇ?"

"ನಮ್ಮದು ಕೆಟ್ಟುಹೋಯ್ತು. ಲೂರ್ದಮ್ಮನೇ ತಂದುಕೊಟ್ಟಳು."

ಇನ್ನಾಸಪ್ಪ ಮೆಲ್ಲಗೆ ಲೂರ್ದಮ್ಮನ ಕಡೆ ತಿರುಗಿದ. "ಹಣ್ಣು ಎಲ್ಲಿಂದಮ್ಮಾ?"

"ನಿಮ್ಮ ತೋಟದ್ದೇ ಅಣ್ಣಾ, ಸಂತೇಲಿ ತಗೊಂಡೆ. ತೊಳೆದರೆ ಹುದುಗು ಬರಲ್ಲ ಅಂತಾರಲ್ಲ, ಆ ಬಿಳಿ ಪುಡಿ ಒಂಚೂರೂ ಉದುರದ ಹಾಗೆ ಭರಣಿಗೆ ತುಂಬಿದ್ದೆ."