ಫಕೀರವ್ವನ ಕುಂಟು

ಒಬ್ಬರ ಮೈಗೆ ಕರಗತವಾದ ವಿದ್ಯೆಯನ್ನು ಸೂಜಿಮದ್ದಾಗಿಸಿ ಇನ್ನೊಬ್ಬರಿಗೆ ಚುಚ್ಚುವ ಕಂಪನಿಯೊಂದಿತ್ತು. ಊರೂರು ತಿರುಗಿ ಕುಸ್ತಿ ಆಡಿ, ಈಗ ಅದನ್ನೇ ಕಲಿಸುವ ಫಕೀರವ್ವನ ಪಟ್ಟುಗಳನ್ನು ಆ ಕಂಪನಿಯ ಸೂಜಿಯಲ್ಲಿ ಚುಚ್ಚಿಸಿಕೊಂಡ ಹುಡುಗಿಯರೆಲ್ಲ ಅವಳಂತೆಯೇ ಕುಂಟುತ್ತಿದ್ದರು.

"ಕುಂಟು ತಗದು ಹೊಸ ಸೂಜಿ ಮಾಡೇವ್ರಿ, ಅಕ್ಕಾರ," ಎನ್ನುತ್ತ ಕಂಪನಿಯವನು ನೆಟ್ಟಗೆ ನಡೆಯುವ ಹುಡುಗಿಯೊಬ್ಬಳನ್ನು ಅಖಾಡಕ್ಕೆ ಕರೆತಂದ.

ಫಕೀರವ್ವ ಸಿಡಿದಳು. "ಎದುರಿನಾಕಿನ್ನ ಎತ್ತಿ ಒಗದಾಗ ಆಕಿ ತಲಿ ನೆಲಕ್ಕ ಬಡೀಬಾರದಂತ ನಾ ಮೊಣಕಾಲು ಅಡ್ಡ ಇಡ್ತೀನಿ. ಇಪ್ಪತ್ತು ವರ್ಷ ಹಂಗ ಇಟ್ಟದ್ದಕ್ಕ ಈ ಕುಂಟು. ಇದನ್ನ ತಗದ್ರ ಮೊಣಕಾಲು ಇಡೋದೂ ಹೋಗತೈತಿ!"

"ಏನೂ ಹೋಗಂಗಿಲ್ರಿ," ಅವನು ನಕ್ಕ.

"ಹಂಗಾರ ಬೂಟು ಬಿಚ್ಚಿ ಒಳಗ ಬಾ. ಈಕಿ ನಿನ್ನ ಎತ್ತಿ ಒಗೀಲಿ."

ನಗುತ್ತಲೇ ಒಳಗಿಳಿದ. ಹುಡುಗಿ ಅವನನ್ನು ಸಲೀಸಾಗಿ ತಲೆಯ ಮೇಲೆತ್ತಿದಳು.

"ಅಕ್ಕಾರ," ಮೇಲಿನಿಂದ ಚೀರಿದ, "ಕುಂಟೋ ಹುಡುಗೀನ್ನ ಕರೀರಿ!"